ಶಿಕ್ಷೆಯ ಪ್ರಮಾಣವನ್ನು ಅಳೆಯುವುದು ಯಾವುದರಿಂದ?

ಮಾನ್ಯ ಓದುಗರೇ,

ಅಕ್ರಮ ಹಣ ವರ್ಗಾವಣೆ ಪ್ರಕರಣಗಳ ಕುರಿತು ನಮ್ಮ ಪತ್ರಿಕೆಯಲ್ಲಿ ಬಂದ ಲೇಖನವನ್ನು ಓದಿ ತಾವು ಬರೆದ ಪತ್ರದಲ್ಲಿ ಮೂರು ಪ್ರಶ್ನೆಗಳಿವೆ. ನೂರಾರು ಕೋಟಿ ರೂಪಾಯಿಯನ್ನು ಸಾಗಹಾಕಿದವನಿಗೂ ಕೆಲವು ಲಕ್ಷವನ್ನು ತನ್ನ ಖಾತೆಯ ಮೂಲಕ ದಾಟಿಸಿಕೊಟ್ಟವನಿಗೂ ಒಂದೇ ಕಲಮಿನಡಿ ಹೆಚ್ಚುಕಡಿಮೆ ಒಂದೇ ಅವಧಿಯ ಸಜೆಯಾಗುವುದಾದರೆ ನ್ಯಾಯಾಲಯದ ಬಳಿ ಅಳತೆಗೋಲೇ ಇಲ್ಲವೇ ಎಂದು ಮೊದಲು ಕೇಳಿದ್ದೀರಿ. ಲಂಚಕ್ಕೋ ವಂಚನೆಗೋ ಒಮ್ಮೆ ಶಿಕ್ಷೆಯಾದವನಿಗೆ ಅದೇ ಹಣದ ವಿಚಾರವಾಗಿ ಮತ್ತೊಮ್ಮೆ ಶಿಕ್ಷೆ ವಿಧಿಸುವುದು ಸರಿಯೇ ಎಂಬುದು ಎರಡನೆಯ ಪ್ರಶ್ನೆ. ಶಿಕ್ಷೆ ತೀರಾ ಹಗುರವಾಯಿತು ಎನಿಸಿದಾಗ ಅದನ್ನು ಪ್ರಶ್ನಿಸುವ ಹಕ್ಕು ಯಾರಿಗಿದೆ ಎಂಬುದು ಮೂರನೆಯದು. ಓದುಗರ ಪತ್ರಗಳ ಪುಟದಲ್ಲಿ ನಾಲ್ಕು ಸಾಲಿನ ಟಿಪ್ಪಣಿ ಕೊಟ್ಟು ಮುಗಿಸುವಷ್ಟು ಸಣ್ಣ ಪ್ರಶ್ನೆಗಳಲ್ಲ ಇವು. ಆದ್ದರಿಂದ ಈ ದೀರ್ಘ ಉತ್ತರ.

ಮೊದಲು ಕಾನೂನಿನ ಚೌಕಟ್ಟನ್ನು ನೋಡೋಣ. ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆ 2002ರದ್ದಾದರೂ ಜಾರಿಗೆ ಬಂದದ್ದು 2005ರ ಜುಲೈ 1ರಂದು. ಅದರ 3ನೇ ಕಲಂ ಅಪರಾಧ ಯಾವುದೆಂದು ಹೇಳಿದರೆ, 4ನೇ ಕಲಂ ಶಿಕ್ಷೆಯನ್ನು ನಿಗದಿಪಡಿಸುತ್ತದೆ: 3 ವರ್ಷಕ್ಕೆ ಕಡಿಮೆಯಿಲ್ಲದ, 7 ವರ್ಷದವರೆಗೆ ವಿಸ್ತರಿಸಬಹುದಾದ ಕಠಿಣ ಸಜೆ, ಜೊತೆಗೆ ದಂಡ. ಆ ಹಣ ಹುಟ್ಟಿದ ಮೂಲ ಅಪರಾಧವು ಮಾದಕ ವಸ್ತುಗಳ ಕಾಯ್ದೆಯಡಿ ಬರುವುದಾದರೆ ಮಾತ್ರ ಗರಿಷ್ಠ ಮಿತಿ 10 ವರ್ಷ. ಶಿಕ್ಷೆಯ ಬಗ್ಗೆ ಕಾಯ್ದೆ ಹೇಳುವುದು ಬಹುಮಟ್ಟಿಗೆ ಇಷ್ಟೇ. ಎಷ್ಟು ಹಣಕ್ಕೆ ಎಷ್ಟು ವರ್ಷ ಎಂಬ ಕೋಷ್ಟಕ ಅದರಲ್ಲಿಲ್ಲ. ಕುತೂಹಲದ ಸಂಗತಿಯೆಂದರೆ, ಜಾಮೀನನ್ನು ಕುರಿತ 45ನೇ ಕಲಮಿನಲ್ಲಿ ಮೊತ್ತದ ಮಾತು ಇದೆ: ಆರೋಪಿತ ಮೊತ್ತ 1 ಕೋಟಿ ರೂಪಾಯಿಗಿಂತ ಕಡಿಮೆಯಿದ್ದರೆ ಜಾಮೀನಿನ ಬಿಗಿ ಷರತ್ತುಗಳನ್ನು ಸಡಿಲಿಸಲು 2018ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಅಂದರೆ ವಿಚಾರಣೆಗೆ ಮುನ್ನ ವ್ಯಕ್ತಿಯನ್ನು ಒಳಗಿಡಬೇಕೋ ಹೊರಗೆ ಬಿಡಬೇಕೋ ಎಂದು ಯೋಚಿಸುವಾಗ ಮೊತ್ತವನ್ನು ಎಣಿಸುವ ಕಾಯ್ದೆ, ಅಪರಾಧ ಸಾಬೀತಾದ ಮೇಲೆ ಎಷ್ಟು ಕಾಲ ಒಳಗಿಡಬೇಕು ಎನ್ನುವಲ್ಲಿ ಮೊತ್ತದ ಬಗ್ಗೆ ಮೌನವಾಗಿದೆ.

ಹಾಗಾಗಿ ತಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರ ಇದು. ಮೊತ್ತ ಲೆಕ್ಕಕ್ಕೆ ಬರುತ್ತದೆ, ಆದರೆ ಸೆರೆವಾಸದ ಅವಧಿಯನ್ನು ಅದೊಂದೇ ತೀರ್ಮಾನಿಸುವುದಿಲ್ಲ, ತೀರ್ಮಾನಿಸಲೂಬಾರದು. ಹಣವನ್ನು ಕಸಿದುಕೊಳ್ಳುವುದು ಮುಟ್ಟುಗೋಲಿನ ಕೆಲಸ. ವ್ಯಕ್ತಿಯನ್ನು ಎಷ್ಟು ಕಾಲ ಸೆರೆಯಲ್ಲಿಡಬೇಕು ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ಆತ ವಹಿಸಿದ ಪಾತ್ರದಲ್ಲೂ, ಆತನಿಗೆ ಏನೆಲ್ಲ ತಿಳಿದಿತ್ತು ಎಂಬುದರಲ್ಲೂ ಇರಬೇಕು. ನಮ್ಮಲ್ಲಿನ ಕೊರತೆ ಅಳತೆಗೋಲು ಇಲ್ಲದ್ದಲ್ಲ, ಅದು ಬರಹದಲ್ಲಿ ಇಲ್ಲದ್ದು.

ಒಂದು ಪ್ರಕರಣವನ್ನು ಊಹಿಸಿಕೊಳ್ಳಿ. ಸಾರ್ವಜನಿಕರ ಠೇವಣಿಯನ್ನು ನುಂಗಿದ ಸಂಸ್ಥೆಯ ಸೂತ್ರಧಾರ ಒಬ್ಬ. ಆ ಹಣವನ್ನು ಹತ್ತಾರು ನಾಮಮಾತ್ರ ಕಂಪನಿಗಳ ಪುಸ್ತಕಗಳಲ್ಲಿ ತಿರುಗಿಸಿ, ಕೊನೆಗೆ ಸಾಲ ಮರುಪಾವತಿಯೆಂದೋ ಷೇರು ಬಂಡವಾಳವೆಂದೋ ತೋರುವಂತೆ ಮಾಡಿದ ಲೆಕ್ಕಪರಿಶೋಧಕ ಇನ್ನೊಬ್ಬ. ತಿಂಗಳಿಗೆ ಇಷ್ಟೆಂದು ಪಡೆದು ತನ್ನ ಬ್ಯಾಂಕ್ ಖಾತೆಯನ್ನೂ ಸಹಿ ಮಾಡಿದ ಚೆಕ್ ಪುಸ್ತಕವನ್ನೂ ಒಪ್ಪಿಸಿದ ಯುವಕ ಮತ್ತೊಬ್ಬ. 3ನೇ ಕಲಮಿನ ಬಲೆ ಬಹಳ ವಿಶಾಲವಾದದ್ದು: ಅಪರಾಧದಿಂದ ಬಂದ ಆಸ್ತಿಯನ್ನು ಬಚ್ಚಿಡುವುದು, ಇಟ್ಟುಕೊಳ್ಳುವುದು, ಗಳಿಸುವುದು, ಬಳಸುವುದು, ಕಳಂಕವಿಲ್ಲದ್ದೆಂದು ಬಿಂಬಿಸುವುದು, ಇವುಗಳಲ್ಲಿ ನೇರವಾಗಿ ತೊಡಗಿದವನಷ್ಟೇ ಅಲ್ಲ, ತಿಳಿದೂ ನೆರವಾದವನೂ ಅದರೊಳಗೆ ಬರುತ್ತಾನೆ. ಹೀಗೆ ಮೂವರೂ ಒಂದೇ ಕಲಮಿನಡಿ ತಪ್ಪಿತಸ್ಥರು, ಮೂವರಿಗೂ ಒಂದೇ 3ರಿಂದ 7 ವರ್ಷದ ಪಟ್ಟಿ. ಮೂವರ ಕೈಯಿಂದಲೂ ಹಾದುಹೋದ ಮೊತ್ತ ಒಂದೇ ಆಗಿರಬಹುದು; ಯುವಕನ ಖಾತೆಯಲ್ಲಿ ಹಾದ ಮೊತ್ತವೇ ಎಲ್ಲಕ್ಕಿಂತ ದೊಡ್ಡದಾಗಿದ್ದರೂ ಆಶ್ಚರ್ಯವಿಲ್ಲ. ಮೊತ್ತವೇ ಮಾನದಂಡವಾದರೆ ಇವನಿಗೆ ಸೂತ್ರಧಾರನಷ್ಟೇ ಸಜೆಯಾಗಬೇಕಾಗುತ್ತದೆ. ತಮ್ಮ ಪತ್ರ ಬಯಸುವ ನ್ಯಾಯ ಇದಾಗಿರಲಾರದು.

ತಪ್ಪಿತಸ್ಥನೋ ಅಲ್ಲವೋ ಎಂದು ನಿರ್ಧರಿಸುವ ಹಂತದಲ್ಲಿ ನ್ಯಾಯಾಧೀಶರು ಕೇಳುವ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಎರಡೇ ಉತ್ತರಗಳಿವೆ: ಈತನಿಗೆ ತಿಳಿದಿತ್ತೇ? ಶಿಕ್ಷೆಯ ಹಂತದಲ್ಲಿ ಅದೇ ಪ್ರಶ್ನೆಯನ್ನು ಇನ್ನಷ್ಟು ಬಿಡಿಸಿ ಕೇಳಬೇಕಾಗುತ್ತದೆ. ಹಣ ಎಲ್ಲಿಂದ ಬಂತೆಂಬುದು ಪೂರ್ತಿ ಗೊತ್ತಿತ್ತೇ, ಅಥವಾ ಏನೋ ಸರಿಯಿಲ್ಲವೆಂಬ ಅನುಮಾನವಿದ್ದೂ ಕಣ್ಣು ಮುಚ್ಚಿಕೊಂಡನೇ? ವ್ಯವಸ್ಥೆಯನ್ನು ಹೆಣೆದವನು ಈತನೇ, ಅಥವಾ ಬೇರೆಯವರ ಆಣತಿಯಂತೆ ನಡೆದವನೇ? ಎಷ್ಟು ಕಾಲ ನಡೆಯಿತು, ಎಷ್ಟು ಬಾರಿ? ಈತನಿಗೆ ದಕ್ಕಿದ್ದೆಷ್ಟು? ಹಿಂದೆ ಸರಿಯುವ ಅವಕಾಶವಿದ್ದಾಗ ಏನು ಮಾಡಿದ? ಈ ವಿವರಗಳು ಸಾಕ್ಷ್ಯದಲ್ಲೇ ಹರಡಿಕೊಂಡಿರುತ್ತವೆ, ಆದರೆ ಶಿಕ್ಷೆಯ ಆದೇಶದಲ್ಲಿ ಅವು ಒಟ್ಟಾಗಿ ಕಾಣಿಸಿಕೊಳ್ಳುವುದು ಅಪರೂಪ. ದೋಷಿಯೆಂಬ ತೀರ್ಮಾನಕ್ಕೆ ನೂರಾರು ಪುಟ, ಶಿಕ್ಷೆಗೆ ಒಂದೂವರೆ ಪುಟ ಎಂಬಂಥ ಅಸಮತೋಲ ನಮ್ಮ ವಿಚಾರಣಾ ನ್ಯಾಯಾಲಯಗಳ ತೀರ್ಪುಗಳನ್ನು ಓದುವವರಿಗೆ ಹೊಸದಲ್ಲ.

ಹಾಗೆಂದು ಶಿಕ್ಷೆಯ ಕುರಿತು ಪ್ರತ್ಯೇಕವಾಗಿ ವಾದ ಆಲಿಸಬೇಕೆಂಬ ನಿಯಮ ಇಲ್ಲದೆ ಇಲ್ಲ. ಈ ಕಾಯ್ದೆಯ ವಿಶೇಷ ನ್ಯಾಯಾಲಯವನ್ನು ಸೆಷನ್ಸ್ ನ್ಯಾಯಾಲಯವೆಂದೇ ಪರಿಗಣಿಸಲಾಗುವುದರಿಂದ, ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 235(2)ನೇ ಕಲಂ, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 258(2)ನೇ ಕಲಂ ಇಲ್ಲಿ ಅನ್ವಯಿಸುತ್ತದೆ. ಅಪರಾಧ ಸಾಬೀತಾದ ಮೇಲೆ ಆರೋಪಿಯ ಮಾತನ್ನು ಶಿಕ್ಷೆಯ ಪ್ರಮಾಣದ ಬಗ್ಗೆಯೇ ಕೇಳಬೇಕು. ಆ ಹೊತ್ತಿನಲ್ಲಿ ವಕೀಲರು ಮುಂದಿಡುವುದು ಬಹುತೇಕ ಒಂದೇ ಪಟ್ಟಿ: ವಯಸ್ಸು, ಕಾಯಿಲೆ, ಅವಲಂಬಿತ ಕುಟುಂಬ, ಇದೇ ಮೊದಲ ಅಪರಾಧವೆಂಬುದು, ಸಮಾಜದಲ್ಲಿನ ಗೌರವ, ವಿಚಾರಣೆಯಲ್ಲಿ ಕಳೆದ ವರ್ಷಗಳು. ಕಾಯಿಲೆಯೂ ವಿಳಂಬವೂ ನಿಜವಾದ ಕಾರಣಗಳೇ. ಆದರೆ ಮೊದಲ ಅಪರಾಧ ಮತ್ತು ಸಾಮಾಜಿಕ ಗೌರವ ಎಂಬ ಎರಡು ವಾದಗಳ ಬಗ್ಗೆ ನಮಗೆ ಸಂದೇಹವಿದೆ. ಹಣವನ್ನು ತೊಳೆಯುವುದು ಒಂದು ಕ್ಷಣದ ಕೃತ್ಯವಲ್ಲ. ಪ್ರತಿ ವರ್ಗಾವಣೆಯೂ, ಪ್ರತಿ ಸುಳ್ಳು ನಮೂದೂ ಹೊಸದಾಗಿ ಮಾಡಿಕೊಂಡ ಒಂದೊಂದು ತೀರ್ಮಾನ. ಐದು ವರ್ಷ ನಡೆದದ್ದನ್ನು ದಾಖಲೆಯಲ್ಲಿ ಒಂದೇ ಪ್ರಕರಣವೆಂಬ ಕಾರಣಕ್ಕೆ ಮೊದಲ ಅಪರಾಧ ಎನ್ನುವುದು ಕಾಗದದ ಮಟ್ಟಿಗೆ ಮಾತ್ರ ಸತ್ಯ. ಇನ್ನು ಗೌರವದ ಮಾತು. ಬ್ಯಾಂಕ್ ಅಧಿಕಾರಿ, ಲೆಕ್ಕಪರಿಶೋಧಕ, ಜನಪ್ರತಿನಿಧಿ ಇಂಥವರ ಕಳಂಕರಹಿತ ಹಿನ್ನೆಲೆಯೇ ಈ ಅಪರಾಧ ಸಾಧ್ಯವಾಗುವುದಕ್ಕೆ ಬೇಕಾದ ಬಂಡವಾಳ. ಅದನ್ನೇ ರಿಯಾಯಿತಿಗೆ ಕಾರಣವಾಗಿ ಕೊಟ್ಟರೆ, ಅಪರಾಧದ ಸಾಧನವನ್ನು ಹಿಂದಿರುಗಿಸಿ ಬಹುಮಾನ ಕೊಟ್ಟಂತಾಗುತ್ತದೆ. ಇಂಗ್ಲೆಂಡಿನ ಮಾರ್ಗಸೂಚಿಗಳು ಈ ವಿಷಯದಲ್ಲಿ ಸ್ಪಷ್ಟವಾಗಿವೆ: ಒಳ್ಳೆಯ ಹೆಸರನ್ನು ಅಪರಾಧಕ್ಕೆ ಅಥವಾ ಅದನ್ನು ಮರೆಮಾಚುವುದಕ್ಕೆ ಬಳಸಿಕೊಂಡಿದ್ದರೆ ಅದು ರಿಯಾಯಿತಿಗೆ ಕಾರಣವಾಗುವ ಬದಲು ಶಿಕ್ಷೆಯನ್ನು ಹೆಚ್ಚಿಸಲೂಬಹುದು.

ಇಂಗ್ಲೆಂಡಿನ ಹೆಸರು ಬಂದದ್ದರಿಂದ ಅಲ್ಲಿನ ಕ್ರಮವನ್ನು ಸ್ವಲ್ಪ ವಿವರಿಸುತ್ತೇವೆ, ಏಕೆಂದರೆ ತಾವು ಕೇಳಿದ ಅಳತೆಗೋಲಿಗೆ ಹತ್ತಿರವಾದದ್ದು ಅಲ್ಲಿದೆ. ಅಲ್ಲಿ ಈ ಅಪರಾಧಕ್ಕೆ ಗರಿಷ್ಠ ಶಿಕ್ಷೆ 14 ವರ್ಷ, ಕನಿಷ್ಠ ಮಿತಿಯೆಂಬುದಿಲ್ಲ. 2014ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಮಾರ್ಗಸೂಚಿಯ ಪ್ರಕಾರ ನ್ಯಾಯಾಧೀಶರು ಮೊದಲು ತಪ್ಪಿತಸ್ಥನ ಹೊಣೆಯನ್ನು ಮೂರು ದರ್ಜೆಗಳಲ್ಲಿ ಒಂದಕ್ಕೆ ಸೇರಿಸುತ್ತಾರೆ. ಗುಂಪಿನ ನೇತೃತ್ವ, ಇತರರ ಮೇಲೆ ಒತ್ತಡ, ಸ್ಥಾನದ ದುರುಪಯೋಗ, ನಾಜೂಕಾದ ಯೋಜನೆ, ದೀರ್ಘಕಾಲದ ಚಟುವಟಿಕೆ ಇದ್ದರೆ ಮೇಲಿನ ದರ್ಜೆ. ಬೇರೆಯವರ ನಿರ್ದೇಶನದಲ್ಲಿ ಸಣ್ಣ ಕೆಲಸ, ಬಲವಂತಕ್ಕೆ ಒಳಗಾದದ್ದು, ಸ್ವಂತ ಲಾಭ ಇಲ್ಲದಿರುವುದು, ಒಟ್ಟು ವ್ಯವಹಾರದ ಅರಿವು ಕಡಿಮೆಯಿದ್ದುದು ಇದ್ದರೆ ಕೆಳಗಿನದು. ಆನಂತರ ಮೊತ್ತವನ್ನು ಆರು ಹಂತಗಳಲ್ಲಿ ಇಡುತ್ತಾರೆ: 10 ಸಾವಿರ ಪೌಂಡಿಗಿಂತ ಕಡಿಮೆಯಿರುವುದು ಕೊನೆಯ ಹಂತ, 1 ಕೋಟಿ ಪೌಂಡ್ ಅಥವಾ ಅದಕ್ಕಿಂತ ಹೆಚ್ಚಿನದು ಮೊದಲ ಹಂತ. ಇಲ್ಲಿಗೆ ಮುಗಿಯಲಿಲ್ಲ. ಆ ಹಣ ಹುಟ್ಟಿದ ಮೂಲ ಅಪರಾಧ ಸಮಾಜಕ್ಕೆ ಎಷ್ಟು ಹಾನಿ ಮಾಡಿತ್ತು ಎಂಬುದನ್ನೂ ನೋಡಿ, ಅಗತ್ಯವಿದ್ದರೆ ಶಿಕ್ಷೆಯನ್ನು ಮೇಲಕ್ಕೆ ಸರಿಸುತ್ತಾರೆ. ಮೊದಲ ಅವಕಾಶದಲ್ಲೇ ತಪ್ಪೊಪ್ಪಿಕೊಂಡವರಿಗೆ ಮೂರನೇ ಒಂದರಷ್ಟು ಕಡಿತ. ಮೊತ್ತಕ್ಕೆ ಇಷ್ಟೊಂದು ಸ್ಥಾನ ಕೊಟ್ಟ ಕೋಷ್ಟಕದಲ್ಲೂ ಹೊಣೆಯ ದರ್ಜೆ ಮೊದಲು, ಮೊತ್ತ ಆಮೇಲೆ ಎಂಬ ಅನುಕ್ರಮವನ್ನು ಗಮನಿಸಬೇಕು. ಅಮೆರಿಕದಲ್ಲಿ ಅಂಕಗಳ ಲೆಕ್ಕವೇ ಇದೆ. ಹಣ ಮಾದಕ ವಸ್ತುಗಳ ಮಾರಾಟದ್ದೆಂದು ತಿಳಿದಿದ್ದರೆ, ಹಣ ತೊಳೆಯುವುದನ್ನೇ ಉದ್ಯೋಗ ಮಾಡಿಕೊಂಡಿದ್ದರೆ, ಅಂಕ ಏರುತ್ತದೆ. ಆ ಲೆಕ್ಕ ಒಂದು ಕಾಲಕ್ಕೆ ಕಡ್ಡಾಯವಾಗಿತ್ತು. ಅಲ್ಲಿನ ಸುಪ್ರೀಂ ಕೋರ್ಟ್ 2005ರಲ್ಲಿ ಅದನ್ನು ಬರಿಯ ಸಲಹೆಯ ಮಟ್ಟಕ್ಕೆ ಇಳಿಸಿತು.

ನಮ್ಮಲ್ಲಿ ಇಂಥದ್ದೊಂದು ಬೇಕೆಂದು ಯಾರೂ ಹೇಳಿಲ್ಲವೆಂದಲ್ಲ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ. ಎಸ್. ಮಳಿಮಠ ಅವರ ಅಧ್ಯಕ್ಷತೆಯ ಸಮಿತಿಯು 2003ರಲ್ಲಿ ಸಲ್ಲಿಸಿದ ವರದಿಯಲ್ಲಿ ಶಿಕ್ಷೆಯ ಮಾರ್ಗಸೂಚಿಗಳನ್ನು ರೂಪಿಸುವುದಕ್ಕೆ ಶಾಸನಬದ್ಧ ಸಮಿತಿಯೊಂದು ಬೇಕೆಂದು ಶಿಫಾರಸು ಮಾಡಿತ್ತು. ಇಂಥ ಮಾರ್ಗಸೂಚಿ ನಮ್ಮಲ್ಲಿಲ್ಲವೆಂದು ಸುಪ್ರೀಂ ಕೋರ್ಟ್ 2008ರಲ್ಲೂ 2013ರಲ್ಲೂ ಹೇಳಿದೆ. ಶಿಫಾರಸು ಶಿಫಾರಸಾಗಿಯೇ ಉಳಿದಿದೆ. ಹೀಗಾಗಿ ವಿಶೇಷ ನ್ಯಾಯಾಧೀಶರಿಗೆ ಕೈಗೆ ಸಿಗುವುದು ಹಳೆಯ ತೀರ್ಪುಗಳ ಸಾಮಾನ್ಯ ಮಾತುಗಳು. ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 1987ರಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಕೊಲೆ ಕ್ಷಣದ ಆವೇಶದಲ್ಲಿ ನಡೆಯಬಹುದು, ಆದರೆ ಆರ್ಥಿಕ ಅಪರಾಧವು ಸಮಾಜಕ್ಕೆ ಏನಾದರೂ ಆಗಲಿ ಎಂದು ಸ್ವಂತ ಲಾಭಕ್ಕಾಗಿ ತಣ್ಣಗೆ ಲೆಕ್ಕ ಹಾಕಿ ಮಾಡುವಂಥದ್ದು ಎಂಬ ಅರ್ಥದ ಮಾತು. ಸೂತ್ರಧಾರನ ಮಟ್ಟಿಗೆ ಈ ಮಾತು ಅಕ್ಷರಶಃ ಸರಿ. ಆದರೆ ಎಲ್ಲ ಆರ್ಥಿಕ ಅಪರಾಧಿಗಳಿಗೂ ಇದನ್ನೇ ಉದ್ಧರಿಸಿದರೆ, ಲೆಕ್ಕ ಹಾಕಿದವನಿಗೂ ಆ ಲೆಕ್ಕದೊಳಗೆ ಒಂದು ಅಂಕಿಯಾಗಿ ಸೇರಿಕೊಂಡವನಿಗೂ ನಡುವಿನ ವ್ಯತ್ಯಾಸ ಅಳಿಸಿಹೋಗುತ್ತದೆ.

ಆ ಯುವಕನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು, ಏಕೆಂದರೆ ತಮ್ಮ ಪತ್ರ ದೊಡ್ಡ ಕುಳಗಳಿಗೆ ಕಡಿಮೆ ಶಿಕ್ಷೆಯಾಗುತ್ತದೆಂದು ಬೇಸರಪಟ್ಟಿದೆಯೇ ಹೊರತು ಪಟ್ಟಿಯ ಇನ್ನೊಂದು ತುದಿಯನ್ನು ನೋಡಿಲ್ಲ. ವಿಚಾರಣೆ ಪೂರ್ತಿಯಾಗಿ ನಡೆದು ದೋಷಿಯೆಂದು ತೀರ್ಮಾನವಾದ ಮೇಲೆ 3 ವರ್ಷಕ್ಕಿಂತ ಕೆಳಗಿಳಿಯುವ ಅಧಿಕಾರ ವಿಶೇಷ ನ್ಯಾಯಾಧೀಶರಿಗಿಲ್ಲ. ಪ್ರಕರಣ ಎಷ್ಟೇ ಸಣ್ಣದಿರಲಿ, ಕಾರಣಗಳು ಎಷ್ಟೇ ಮನಮುಟ್ಟುವಂತಿರಲಿ, ನೆಲ ಅಲ್ಲಿಯೇ ನಿಂತಿದೆ. ಕನಿಷ್ಠ ಶಿಕ್ಷೆಯನ್ನು ಶಾಸಕರು ತಂದದ್ದು ಪ್ರಭಾವಿಗಳು ಅಗ್ಗವಾಗಿ ತಪ್ಪಿಸಿಕೊಳ್ಳದಿರಲಿ ಎಂದು. ಪ್ರಭಾವಿಗಳು ದೋಷಿಗಳಾದಾಗ ಹೇಗೂ ಪಟ್ಟಿಯ ಮೇಲ್ತುದಿಗೆ ಹತ್ತಿರವಿರುತ್ತಾರೆ, ಕನಿಷ್ಠ ಮಿತಿ ಅವರನ್ನು ಮುಟ್ಟುವುದೇ ಇಲ್ಲ. ಅದರ ಭಾರವೆಲ್ಲ ಬೀಳುವುದು ಖಾತೆ ಕೊಟ್ಟವನ ಮೇಲೆ. ಈ ಕಾಯ್ದೆಯಲ್ಲಿ ಒಂದೇ ಒಂದು ಬದಲಾವಣೆ ಮಾಡುವ ಅವಕಾಶ ನಮಗಿದ್ದರೆ, ವಿಶೇಷ ಕಾರಣಗಳನ್ನು ಬರೆದು ದಾಖಲಿಸಿ ಕನಿಷ್ಠ ಮಿತಿಗಿಂತ ಕೆಳಗಿಳಿಯಲು ನ್ಯಾಯಾಧೀಶರಿಗೆ ಬಾಗಿಲು ತೆರೆಯುತ್ತಿದ್ದೆವು.

ಸೆರೆವಾಸದ ಅವಧಿಯನ್ನು ಓದುವಾಗ ವಿಚಾರಣಾಧೀನ ಕೈದಿಯಾಗಿ ಕಳೆದ ಕಾಲವನ್ನೂ ಕೂಡಿಸಿ ನೋಡಬೇಕು. ಆ ಕಾಲವನ್ನು ಸಜೆಯಿಂದ ವಜಾ ಮಾಡಲಾಗುತ್ತದೆ. ಜಾಮೀನಿಗೆ ಸಂಬಂಧಿಸಿದ 45ನೇ ಕಲಮಿನ ಎರಡು ಷರತ್ತುಗಳನ್ನು 2017ರಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತ್ತು. 2018ರಲ್ಲಿ ಸಂಸತ್ತು ತಿದ್ದುಪಡಿ ತಂದು ಅವುಗಳಿಗೆ ಮತ್ತೆ ಜೀವ ಕೊಟ್ಟಿತು. 2022ರ ಜುಲೈ 27ರ ವಿಜಯ್ ಮದನಲಾಲ್ ಚೌಧರಿ ಪ್ರಕರಣದ ತೀರ್ಪಿನಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಜೊತೆಗೆ, ಗರಿಷ್ಠ ಶಿಕ್ಷೆಯ ಅರ್ಧ ಅವಧಿಯನ್ನು ಸೆರೆಯಲ್ಲಿ ಕಳೆದ ವಿಚಾರಣಾಧೀನ ಕೈದಿಗೆ ಜಾಮೀನು ಕೊಡುವ ಸಾಮಾನ್ಯ ನಿಯಮ ಈ ಕಾಯ್ದೆಗೂ ಅನ್ವಯಿಸುತ್ತದೆಂದು ಅದೇ ತೀರ್ಪು ಹೇಳಿತು. 7 ವರ್ಷದ ಅರ್ಧವೆಂದರೆ ಮೂರೂವರೆ ವರ್ಷ, ಅಂದರೆ ಕನಿಷ್ಠ ಶಿಕ್ಷೆಗಿಂತ ಆರು ತಿಂಗಳು ಹೆಚ್ಚು. ಆ ನಿಯಮವೊಂದನ್ನೇ ನಂಬಿ ಹೊರಬಂದ ವ್ಯಕ್ತಿಗೆ ಮುಂದೆ ಕನಿಷ್ಠ ಶಿಕ್ಷೆಯಾದರೆ, ಆತ ಅದನ್ನು ಮೊದಲೇ ಅನುಭವಿಸಿ ಮುಗಿಸಿರುತ್ತಾನೆ. ಹೊಸ ಸಂಹಿತೆಯು ಮೊದಲ ಬಾರಿಯ ಆರೋಪಿಗಳಿಗೆ ಈ ಅವಧಿಯನ್ನು ಮೂರನೇ ಒಂದಕ್ಕೆ ಇಳಿಸಿದೆ, ಆದರೆ ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿಯಿರುವವರಿಗೆ ಅದರ ಉಪಯೋಗವಿಲ್ಲ. ಮೂಲ ಅಪರಾಧವೊಂದು, ಹಣ ವರ್ಗಾವಣೆಯದೊಂದು ಎಂದು ಎರಡು ಪ್ರಕರಣ ಎದುರಿಸುವುದು ಇಲ್ಲಿ ಸಾಮಾನ್ಯ ಸಂಗತಿಯೆಂಬುದು ಬೇರೆ ಮಾತು. ದೋಷಿಯೆಂದಾದ ದಿನವೇ ಆರೋಪಿ ಮನೆಗೆ ಹೋದನೆಂಬ ಸುದ್ದಿ ಓದಿ ಸಿಟ್ಟಾಗುವ ಮುನ್ನ ಈ ಲೆಕ್ಕವನ್ನು ಹಾಕಿ ನೋಡಬೇಕೆಂದು ವಿನಂತಿ.

ದಂಡದ ವಿಷಯದಲ್ಲಿ ಮೊತ್ತಕ್ಕೆ ಹೆಚ್ಚು ಬೆಲೆಯಿದೆ. ಮೊದಲು ದಂಡಕ್ಕೆ 5 ಲಕ್ಷ ರೂಪಾಯಿಯ ಮಿತಿಯಿತ್ತು. 2012ರ ತಿದ್ದುಪಡಿ ಕಾಯ್ದೆ 2013ರ ಫೆಬ್ರುವರಿಯಲ್ಲಿ ಜಾರಿಗೆ ಬಂದಾಗ ಆ ಮಿತಿ ಹೋಯಿತು. ಜಾರ್ಖಂಡದ ಇಬ್ಬರು ಮಾಜಿ ಸಚಿವರ ಪ್ರಕರಣಗಳಲ್ಲಿ ಇಬ್ಬರಿಗೂ ರಾಂಚಿಯ ವಿಶೇಷ ನ್ಯಾಯಾಲಯ ತಲಾ 7 ವರ್ಷ ಸಜೆ ವಿಧಿಸಿತು. 2017ರ ತೀರ್ಪಿನಲ್ಲಿ ದಂಡ 5 ಲಕ್ಷ, 2020ರ ತೀರ್ಪಿನಲ್ಲಿ 2 ಕೋಟಿ. ಸಜೆಯ ಪಟ್ಟಿ ಮೇಲೆ ಮುಟ್ಟಿ ನಿಂತಾಗ ಉಳಿದ ವ್ಯತ್ಯಾಸ ತೋರುವ ಜಾಗ ದಂಡವೊಂದೇ. ಮಿತಿಯಿಲ್ಲವೆಂದರೆ ಮನಬಂದಂತೆ ಎಂದಲ್ಲ: ಮೊತ್ತ ನಮೂದಿಸದ ಕಡೆ ದಂಡ ಅತಿಯಾಗಿರಬಾರದೆಂದು ಹಿಂದೆ ಭಾರತೀಯ ದಂಡ ಸಂಹಿತೆ ಹೇಳುತ್ತಿತ್ತು, ಈಗ ಭಾರತೀಯ ನ್ಯಾಯ ಸಂಹಿತೆ ಹೇಳುತ್ತದೆ. ದಂಡ ಕಟ್ಟದಿದ್ದರೆ ವಿಧಿಸುವ ಹೆಚ್ಚುವರಿ ಸೆರೆವಾಸವೂ ಗರಿಷ್ಠ ಶಿಕ್ಷೆಯ ನಾಲ್ಕನೇ ಒಂದನ್ನು ಮೀರುವಂತಿಲ್ಲ. 7 ವರ್ಷಕ್ಕೆ ಅದು 1 ವರ್ಷ 9 ತಿಂಗಳು. ಕೃತ್ಯ ನಡೆದಾಗ ಇದ್ದ ಕಾನೂನಿಗಿಂತ ಹೆಚ್ಚಿನ ದಂಡನೆ ಸಲ್ಲದೆಂಬ ಸಂವಿಧಾನದ 20(1)ನೇ ವಿಧಿಯಿಂದಾಗಿ, ಅಪರಾಧ 2013ಕ್ಕೆ ಮೊದಲೇ ಮುಗಿದಿತ್ತೇ ಅಥವಾ ಅನಂತರವೂ ಮುಂದುವರಿದಿತ್ತೇ ಎಂಬ ವಾದವೂ ಇಲ್ಲಿ ಹುಟ್ಟಿಕೊಳ್ಳುತ್ತದೆ.

ಕಂಪನಿಯನ್ನು ಜೈಲಿಗೆ ಹಾಕಲಾಗದು. ಹಾಗಾದರೆ ಸೆರೆವಾಸ ಕಡ್ಡಾಯವಾದ ಅಪರಾಧದಲ್ಲಿ ಕಂಪನಿಯನ್ನು ವಿಚಾರಣೆಗೆ ಒಳಪಡಿಸುವುದೇ ಸಾಧ್ಯವಿಲ್ಲವೇ ಎಂಬ ಪ್ರಶ್ನೆ ಎದ್ದಿತ್ತು. ವಿಚಾರಣೆಗೆ ಒಳಪಡಿಸಬಹುದು, ದಂಡ ವಿಧಿಸಬಹುದು ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಸ್ಟ್ಯಾಂಡರ್ಡ್ ಚಾರ್ಟರ್ಡ್ ಬ್ಯಾಂಕ್ ಪ್ರಕರಣದಲ್ಲಿ ಹೇಳಿತು. ಕಂಪನಿಯ ವ್ಯವಹಾರಕ್ಕೆ ಹೊಣೆಯಾಗಿದ್ದವರನ್ನು ವೈಯಕ್ತಿಕವಾಗಿ ಹಿಡಿಯುವುದಕ್ಕೆ ಕಾಯ್ದೆಯ 70ನೇ ಕಲಂ ಇದೆ.

ಮುಟ್ಟುಗೋಲನ್ನು ಶಿಕ್ಷೆಯ ಭಾಗವೆಂದು ಭಾವಿಸುವವರಿದ್ದಾರೆ. ಅಪರಾಧಿಗೆ ಅದು ಹಾಗೆ ಅನಿಸುವುದೂ ಸಹಜ. ಆದರೆ ಅಪರಾಧದಿಂದ ಬಂದದ್ದು ಆತನದಾಗಿರಲೇ ಇಲ್ಲ ಎಂಬುದು ಅದರ ಹಿಂದಿನ ವಿಚಾರ. ಸಾಬೀತಾದ ಮೇಲೆ ಆಸ್ತಿ ಕೇಂದ್ರ ಸರ್ಕಾರದ ವಶಕ್ಕೆ ಹೋಗುತ್ತದೆ. ಹಣ ಕಳೆದುಕೊಂಡ ನ್ಯಾಯಯುತ ಹಕ್ಕುದಾರರಿದ್ದರೆ ಅವರಿಗೆ ಹಿಂದಿರುಗಿಸುವುದಕ್ಕೆ 8(8)ನೇ ಕಲಂ ಅವಕಾಶ ಕೊಡುತ್ತದೆ, ವಿಚಾರಣೆ ನಡೆಯುತ್ತಿರುವಾಗಲೂ. ಆಸ್ತಿಯೆಲ್ಲ ಹೋಯಿತು, ಆದ್ದರಿಂದ ಸಜೆ ಕಡಿಮೆ ಮಾಡಿ ಎಂಬ ವಾದದಲ್ಲಿ ಹುರುಳಿಲ್ಲ. ಯಾರೂ ಕೇಳುವ ಮುನ್ನ ತಾನಾಗಿ ಒಪ್ಪಿಸಿದವನ ಮಾತು ಬೇರೆ. ಅಲ್ಲಿ ಪಶ್ಚಾತ್ತಾಪಕ್ಕೆ ಒಂದು ಪುರಾವೆ ಸಿಗುತ್ತದೆ.

ತಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇವೆ. ಒಂದೇ ಅಪರಾಧಕ್ಕೆ ಎರಡು ಬಾರಿ ಶಿಕ್ಷಿಸುವುದನ್ನು ಸಂವಿಧಾನ ನಿಷೇಧಿಸುತ್ತದೆ ನಿಜ, ಆದರೆ ಲಂಚ ಪಡೆಯುವುದು ಒಂದು ಅಪರಾಧ, ಆ ಹಣದ ಗುರುತು ಅಳಿಸುವುದು ಬೇರೊಂದು ಅಪರಾಧ ಎಂಬುದು ಕಾನೂನಿನ ನಿಲುವು. ಬೇರೆಯಾದರೂ ಎರಡನೆಯದು ಮೊದಲನೆಯದಕ್ಕೆ ಅಂಟಿಕೊಂಡಿದೆ: ಮೂಲ ಅಪರಾಧದಲ್ಲಿ ಆರೋಪಿ ಖುಲಾಸೆಯಾದರೆ ಅದಕ್ಕೆ ಸಂಬಂಧಿಸಿದ ಹಣ ವರ್ಗಾವಣೆಯ ಆರೋಪ ನಿಲ್ಲುವುದಿಲ್ಲವೆಂದು 2022ರ ತೀರ್ಪು ಹೇಳಿದೆ. ಎರಡರಲ್ಲೂ ಶಿಕ್ಷೆಯಾದರೆ ಎರಡನ್ನೂ ಏಕಕಾಲಕ್ಕೆ ಅನುಭವಿಸಬೇಕೋ ಒಂದಾದ ಮೇಲೆ ಒಂದರಂತೆಯೋ ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ. ನ್ಯಾಯಾಲಯ ಏಕಕಾಲಕ್ಕೆ ಎಂದು ಆದೇಶಿಸದಿದ್ದರೆ ಒಂದರ ನಂತರ ಒಂದು ಎಂಬುದು ನಿಯಮ. ಆರೋಪಿಯ ಬದುಕಿನ ಹಲವು ವರ್ಷಗಳು ಆ ಒಂದು ವಾಕ್ಯದ ಮೇಲೆ ನಿಂತಿರುತ್ತವೆ. ಲಂಚದ ಹಣವನ್ನು ಹೆಂಡತಿಯ ಹೆಸರಿನ ಖಾತೆಗೆ ಹಾಕಿ ಸುಮ್ಮನಾದವನಲ್ಲಿ ಎರಡನೆಯ ಅಪರಾಧ ಮೊದಲನೆಯದರ ಬಾಲದಂತಿದೆ, ಏಕಕಾಲದ ಶಿಕ್ಷೆ ಅಲ್ಲಿ ಸಾಕು. ಅದನ್ನೇ ವಿದೇಶಿ ಕಂಪನಿಗಳ ಮೂಲಕ ವರ್ಷಗಟ್ಟಲೆ ಸುತ್ತಿಸಿ ಸಂತ್ರಸ್ತರಿಗೆ ಕೈಗೆಟುಕದಂತೆ ಮಾಡಿದವನು ಹೊಸದಾಗಿ, ಬೇರೆಯದೇ ಹಾನಿ ಮಾಡಿದ್ದಾನೆ. ಅವನಿಗೆ ಎರಡನ್ನೂ ಕೂಡಿಸುವುದರಲ್ಲಿ ಅನ್ಯಾಯವೇನೂ ನಮಗೆ ಕಾಣುವುದಿಲ್ಲ.

ಕೊನೆಯ ಪ್ರಶ್ನೆ, ಹಗುರವಾದ ಶಿಕ್ಷೆಯನ್ನು ಪ್ರಶ್ನಿಸುವುದು. ಆರೋಪಿಗೆ ಹೈಕೋರ್ಟಿಗೆ ಮೇಲ್ಮನವಿಯ ಹಕ್ಕಿರುವಂತೆ, ಶಿಕ್ಷೆ ಸಾಲದೆಂದು ಮೇಲ್ಮನವಿ ಸಲ್ಲಿಸುವ ಹಕ್ಕು ಸರ್ಕಾರಕ್ಕೂ ಇದೆ. ಸಾರ್ವಜನಿಕರಿಗೆ ಅದಿಲ್ಲ. ಹಣ ಕಳೆದುಕೊಂಡ ಸಂತ್ರಸ್ತರಿಗೂ ಇಲ್ಲ: ಖುಲಾಸೆಯಾದರೆ, ಕಡಿಮೆ ತೀವ್ರತೆಯ ಅಪರಾಧಕ್ಕಷ್ಟೇ ದೋಷಿಯೆಂದಾದರೆ, ಅಥವಾ ಪರಿಹಾರ ಸಾಲದಾದರೆ ಮಾತ್ರ ಅವರು ಮೇಲ್ಮನವಿ ಹೋಗಬಹುದು, ಸಜೆಯ ಅವಧಿ ಕಡಿಮೆಯಾಯಿತೆಂದು ಹೋಗಲಾಗದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ಸರ್ಕಾರ ಹೀಗೆ ಮೇಲ್ಮನವಿ ಸಲ್ಲಿಸಿದಾಗ ಹೈಕೋರ್ಟ್ ಆರೋಪಿಯ ಮಾತು ಕೇಳದೆ ಶಿಕ್ಷೆ ಹೆಚ್ಚಿಸುವಂತಿಲ್ಲ, ಮತ್ತು ಆ ಹಂತದಲ್ಲಿ ಆರೋಪಿ ಶಿಕ್ಷೆ ಹೆಚ್ಚಿಸಬೇಡಿರೆಂದು ಮಾತ್ರವಲ್ಲ, ತಾನು ನಿರ್ದೋಷಿ, ತನ್ನನ್ನು ಬಿಡುಗಡೆ ಮಾಡಿರೆಂದೂ ವಾದಿಸಬಹುದು. ಪ್ರಾಸಿಕ್ಯೂಷನ್ ವಕೀಲರು ಶಿಕ್ಷೆ ಕಡಿಮೆಯಾಯಿತೆಂದು ಗೊಣಗಿಕೊಂಡರೂ ಮೇಲ್ಮನವಿಗೆ ಹಿಂಜರಿಯುವುದಕ್ಕೆ ಇದೂ ಒಂದು ಕಾರಣವಿರಬಹುದು.

— ಸಂಪಾದಕ